ಮೂರು ರಾತ್ರಿ, ನಲವತ್ತು ಮಕ್ಕಳು: ಹಂಪಿಯೋ, ಕಡಲೋ, ಘಟ್ಟವೋ?

ಶೃಂಗೇರಿ, ಹೊರನಾಡು, ಧರ್ಮಸ್ಥಳ, ಕುಕ್ಕೆ, ಉಡುಪಿ, ಮುರ್ಡೇಶ್ವರ, ಜೋಗ... ಮೂರು ದಿನಕ್ಕೆ ಹತ್ತು ಹನ್ನೊಂದು ಊರು ತುಂಬಿದ ಪ್ರವಾಸದ ಪಟ್ಟಿ ನಮ್ಮ ಹೈಸ್ಕೂಲುಗಳ ನೋಟಿಸ್ ಬೋರ್ಡಿಗೆ ಹೊಸದಲ್ಲ. ಇಷ್ಟೂ ಊರು ಮೂರು ದಿನದಲ್ಲಿ ಮುಗಿಯಬೇಕಾದರೆ ಇರುವುದು ಒಂದೇ ದಾರಿ, ರಾತ್ರಿಯೆಲ್ಲ ಬಸ್ ಓಡಬೇಕು. ರೂಮಿನ ಬಾಡಿಗೆ ಉಳಿಯುತ್ತದೆ, ಮಕ್ಕಳು ಕೂತಲ್ಲೇ ತೂಕಡಿಸುತ್ತಾರೆ, ಹಗಲೆಲ್ಲ ಸ್ಟೇರಿಂಗ್ ಹಿಡಿದ ಚಾಲಕನೇ ನಡುರಾತ್ರಿ ಘಟ್ಟ ಇಳಿಸುತ್ತಾನೆ. ಪಟ್ಟಿಯಲ್ಲಿ ಯಾವ ಊರಿದೆ ಎಂಬುದಕ್ಕಿಂತ ಈ ಉಳಿತಾಯವೇ ಹೆಚ್ಚು ಅಪಾಯಕಾರಿ.

ಆದ್ದರಿಂದ ಇಲ್ಲಿನ ಹೋಲಿಕೆ ರಾತ್ರಿಯಿಂದ ಶುರುವಾಗುತ್ತದೆ. ಮಕ್ಕಳು ಎಲ್ಲಿ ಮಲಗುತ್ತಾರೆ, ಅಲ್ಲಿಂದ ಆಸ್ಪತ್ರೆ ಎಷ್ಟು ದೂರ, ಮರುದಿನ ಬಸ್ ಎಷ್ಟು ಗಂಟೆ ಓಡಬೇಕು ಎಂಬ ಮೂರನ್ನು ಮೊದಲು ಬರೆದುಕೊಳ್ಳಿ. ಏನು ನೋಡಬೇಕೆಂಬುದು ಆಮೇಲೆ ತಾನಾಗಿ ಕೂಡಿ ಬರುತ್ತದೆ. ಲೆಕ್ಕ ಹಿಡಿದಿರುವುದು ಬೆಂಗಳೂರು–ತುಮಕೂರು ಕಡೆಯಿಂದ ಹೊರಡುವ, 8ರಿಂದ 10ನೇ ತರಗತಿಯ 40 ಮಕ್ಕಳ ಗುಂಪಿಗೆ. ಕಾಲ ನವೆಂಬರಿನಿಂದ ಜನವರಿ. ಯುವಕ ಸಂಘ, ಚರ್ಚಿನ ಗುಂಪು, ಸ್ಕೌಟ್ ತಂಡಗಳಿಗೂ ಲೆಕ್ಕ ಇದೇ. ಶಾಲೆಯಾದರೆ ಇದರ ಜೊತೆಗೆ ಆ ವರ್ಷದ ಇಲಾಖೆಯ ಸುತ್ತೋಲೆ ಓದಿಕೊಳ್ಳಬೇಕು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಅನುಮತಿ ಲಿಖಿತವಾಗಿ ಕೈಯಲ್ಲಿರಬೇಕು.

ಹಂಪಿ: ಮೊದಲ ಸಲ ಹೋಗುವ ಗುಂಪಿಗೆ

ಹಂಪಿಯ ದೊಡ್ಡ ಅನುಕೂಲವೆಂದರೆ ಹೊಸಪೇಟೆ. ಹದಿಮೂರು ಕಿ.ಮೀ. ಅಂತರದಲ್ಲಿ ಲಾಡ್ಜು, ಔಷಧದಂಗಡಿ, ಸರ್ಕಾರಿ ಆಸ್ಪತ್ರೆ, ರೈಲು ನಿಲ್ದಾಣ ಎಲ್ಲ ಸಿಗುತ್ತವೆ. ಸುಮಾರು 60 ಕಿ.ಮೀ. ದೂರದ ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಒಂದೇ ಊರಿನಲ್ಲಿ ಬೀಡುಬಿಟ್ಟು ದಿನಕ್ಕೊಂದು ದಿಕ್ಕಿಗೆ ಹೋಗಿಬರಬಹುದು: ಒಂದು ದಿನ ವಿರೂಪಾಕ್ಷ, ವಿಠ್ಠಲ, ಕಮಲಾಪುರದ ಕಡೆ, ಇನ್ನೊಂದು ದಿನ ಆನೆಗೊಂದಿ, ಅಂಜನಾದ್ರಿ, ತುಂಗಭದ್ರಾ ಅಣೆಕಟ್ಟು. ಚೀಲ ಕಟ್ಟಿ ಬಿಚ್ಚುವ ಕೆಲಸ ಒಂದೇ ಸಲ.

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನೂ ಸೇರಿಸುವ ಆಸೆ ಎಲ್ಲರಿಗೂ ಇರುತ್ತದೆ. ಹೊಸಪೇಟೆಯಿಂದ ಬಾದಾಮಿಗೆ 150 ಕಿ.ಮೀ. ಆಸುಪಾಸು. ಮೂರು ರಾತ್ರಿಯಲ್ಲಿ ಎರಡನ್ನೂ ಮುಗಿಸಹೊರಟರೆ ಕೊನೆಯ ದಿನ ಬಾದಾಮಿಯಿಂದ ಬೆಂಗಳೂರಿಗೆ 450 ಕಿ.ಮೀ. ಒಂದೇ ಉಸಿರಿಗೆ ಓಡಬೇಕಾಗುತ್ತದೆ. ಮೂರೇ ರಾತ್ರಿಯಾದರೆ ಹಂಪಿ ಮಾತ್ರ ಸಾಕು, ನಾಲ್ಕಾದರೆ ಬಾದಾಮಿ ಸೇರಲಿ.

ಇಲ್ಲಿ ಎಡವಟ್ಟಾಗುವುದು ಎರಡು ಕಡೆ. ಮೊದಲನೆಯದು ಹೊಳೆ. ತುಂಗಭದ್ರೆಯ ಬಂಡೆಗಳ ನಡುವೆ ನೀರು ನಿಂತಂತೆ ಕಂಡರೂ ಅಡಿಯಲ್ಲಿ ಸುಳಿ ಇರುತ್ತದೆ, ಪಾಚಿ ಕಟ್ಟಿದ ಬಂಡೆ ಜಾರುತ್ತದೆ, ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಟ್ಟ ಏರುತ್ತದೆ. ತೆಪ್ಪ ಹತ್ತಿಸುವುದಾದರೆ ಲೈಫ್ ಜಾಕೆಟ್ ಪ್ರತಿ ಮಗುವಿನ ಎದೆಗೆ ಬಿಗಿಯಬೇಕು, ತೆಪ್ಪದ ಮೂಲೆಯಲ್ಲಿ ರಾಶಿ ಬಿದ್ದಿರುವುದು ಲೆಕ್ಕಕ್ಕಿಲ್ಲ. ಜಾಕೆಟ್ ಸಾಲದಿದ್ದರೆ ತೆಪ್ಪದ ಸವಾರಿ ಬೇಡ. ಎರಡನೆಯದು ಹೆಜ್ಜೇನು. ಗೋಪುರ, ಬಂಡೆಗಳ ಚಾಚಿನ ಕೆಳಗೆ ಹುಟ್ಟು ಕಟ್ಟಿರುತ್ತದೆ. ಒಂದು ಕಲ್ಲು, ಒಂದಿಷ್ಟು ಹೊಗೆ ಸಾಕು. ಎದ್ದರೆ ಕೈ ಬೀಸದೆ, ಮುಖ ಮುಚ್ಚಿ, ಬಸ್ಸಿನೊಳಗೋ ಬಾಗಿಲಿರುವ ಕಟ್ಟಡದೊಳಗೋ ಓಡಬೇಕು, ನೀರಿಗೆ ಹಾರಬಾರದು. ಬಾದಾಮಿಯ ಗುಹೆಗಳಿಗೆ ಹೋಗುವವರು ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಹಿಡಿಯದಿದ್ದರೆ ಕೋತಿಗಳ ಕಾಟ ಅರ್ಧ ಕಡಿಮೆ.

ಕಡಲು: ಎಲ್ಲಿ ಇಳಿಯುತ್ತೀರಿ ಎಂಬುದೇ ಮುಖ್ಯ

2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಮಳೆಗಾಲವಲ್ಲ, ಪ್ರವಾಸದ ಕಾಲವೇ. ಕಡಲು ಎಳೆದೊಯ್ಯುವುದು ದೊಡ್ಡ ತೆರೆಯಿಂದಲೇ ಎಂದು ಒಳನಾಡಿನವರು ತಿಳಿದಿರುತ್ತಾರೆ. ನಡೆಯುವುದು ಬೇರೆ. ತೆರೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕಲ್ಲ, ಅದು ಮರಳಿನ ನಡುವಿನ ಕಾಲುವೆಯಂಥ ತಗ್ಗಿನಲ್ಲಿ ರಭಸವಾಗಿ ಕಡಲೊಳಕ್ಕೆ ಹರಿಯುತ್ತದೆ. ಇದೇ ಸೆಳವು. ಆ ತಗ್ಗಿನ ಮೇಲೆ ತೆರೆ ಒಡೆಯುವುದು ಕಡಿಮೆ, ನೊರೆಯೂ ಕಡಿಮೆ. ಅಕ್ಕಪಕ್ಕ ತೆರೆ ಅಬ್ಬರಿಸುತ್ತಿರುವಾಗ ನಡುವೆ ಒಂದು ಪಟ್ಟೆ ಶಾಂತವಾಗಿ, ಬಣ್ಣ ತುಸು ಗಾಢವಾಗಿ ಕಾಣುತ್ತದೆ. ಈಜು ಬಾರದ ಮಗು ಇಳಿಯುವುದು ಅಲ್ಲಿಗೇ, ಏಕೆಂದರೆ ನೋಡಲು ಅದೇ ಸುರಕ್ಷಿತ. ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ನಿಂತವರ ಕಾಲಡಿಯ ಮರಳು ಕುಸಿದರೆ ಸಾಲಿಗೆ ಸಾಲೇ ಹೋಗುತ್ತದೆ.

ಕಡಲ ಪ್ರವಾಸ ಬೇಡವೆಂದಲ್ಲ. ಇಳಿಯುವ ತೀರವನ್ನು ಆರಿಸಿಕೊಳ್ಳಬೇಕು. ಶುಚಿಯಾದ, ಸುರಕ್ಷಿತ ತೀರಗಳಿಗೆ ಸಿಗುವ ಅಂತರರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮಾನ್ಯತೆಯನ್ನು 2020ರಲ್ಲಿ ಪಡೆದ ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳಲ್ಲಿ ಸ್ನಾನಕ್ಕೆ ಗುರುತು ಮಾಡಿದ ಜಾಗ, ಜೀವರಕ್ಷಕರು, ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಳ ವ್ಯವಸ್ಥೆ ಇದೆ. ಗೋಕರ್ಣದ ಓಂ ತೀರವಾಗಲಿ ಮುರ್ಡೇಶ್ವರವಾಗಲಿ ದಡದಿಂದ ನೋಡಲಿಕ್ಕಿರಲಿ. ನೀರಿಗಿಳಿಸುವುದಾದರೆ ಹತ್ತು ಹತ್ತು ಮಕ್ಕಳ ತಂಡ, ತಂಡಕ್ಕೆ 20 ನಿಮಿಷ, ಆಳ ಮೊಣಕಾಲಿಗಿಂತ ಮೇಲೆ ಬೇಡ. ಒಬ್ಬ ದೊಡ್ಡವರು ಮಕ್ಕಳಿಗಿಂತ ಆಚೆ ಕಡಲ ಕಡೆಗೆ, ಮಕ್ಕಳತ್ತ ಮುಖ ಮಾಡಿ ನಿಲ್ಲಬೇಕು, ಇನ್ನೊಬ್ಬರು ದಡದಲ್ಲಿ. ಇಬ್ಬರ ಕೈಯಲ್ಲೂ ಮೊಬೈಲ್ ಇರಬಾರದು. ಸಂಜೆ ಐದೂವರೆಯ ನಂತರ ನೀರು ಬೇಡ. ಸೂರ್ಯಾಸ್ತದ ಹೊತ್ತಿಗೆ ಎಲ್ಲರ ಗಮನ ಫೋಟೊದತ್ತ ಹೋಗುತ್ತದೆ.

ರಾತ್ರಿಯ ಲೆಕ್ಕದಲ್ಲಿ ಕಡಲು ಹಂಪಿಗಿಂತ ಹಿಂದೆ. ಬೆಂಗಳೂರಿನಿಂದ ಮುರ್ಡೇಶ್ವರಕ್ಕೆ 480 ಕಿ.ಮೀ. ಮೇಲೆ, ನಡುವೆ ಘಟ್ಟ. ಹಗಲಲ್ಲೇ ಹೋಗುವುದಾದರೆ ಒಂದು ಇಡೀ ದಿನ ಬಸ್ಸಿನಲ್ಲೇ ಕಳೆಯುತ್ತದೆ. ದೊಡ್ಡ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದವರು ವರ್ಷಗಟ್ಟಲೆ ಕೇಳುತ್ತಿರುವುದು ಸುಮ್ಮನೆ ಅಲ್ಲ: ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಗಂಭೀರವಾದರೆ ಉಡುಪಿಯ ಪಕ್ಕದ ಮಣಿಪಾಲವೇ ಗತಿ. ಹೀಗಾಗಿ ಉಡುಪಿಯಲ್ಲಿ ಬೀಡುಬಿಟ್ಟು ಪಡುಬಿದ್ರಿ, ಮಲ್ಪೆ, ಕಾರ್ಕಳ ನೋಡುವುದು ಮುರ್ಡೇಶ್ವರದಲ್ಲಿ ಉಳಿಯುವುದಕ್ಕಿಂತ ಜಾಣತನ.

ಘಟ್ಟದ ಚಾರಣ: 40 ಮಕ್ಕಳಿಗಲ್ಲ

ಕುಮಾರ ಪರ್ವತ 1,712 ಮೀಟರ್, ಕುದುರೆಮುಖ 1,894 ಮೀಟರ್. ಎತ್ತರ ದೊಡ್ಡ ಸಂಗತಿಯಲ್ಲ, ನಡೆಯಬೇಕಾದ ದೂರ ದೊಡ್ಡದು. ಕುಕ್ಕೆಯ ಕಡೆಯಿಂದ ಕುಮಾರ ಪರ್ವತ ಹತ್ತಿ ಇಳಿಯಲು 25 ಕಿ.ಮೀ. ಆಸುಪಾಸು, ಕುದುರೆಮುಖಕ್ಕೆ 20. ಎರಡೂ ರಕ್ಷಿತ ಅರಣ್ಯದೊಳಗಿವೆ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಟಿಕೆಟ್ ಮಾಡಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಬೇಸಿಗೆಯ ಕಾಡ್ಗಿಚ್ಚಿನ ಕಾಲದಲ್ಲಿ, ಜೋರು ಮಳೆಯಲ್ಲಿ ದಾರಿ ಮುಚ್ಚುತ್ತಾರೆ. ಬಸ್ಸಿಗೆ, ಹೋಮ್‌ಸ್ಟೇಗೆ ಮುಂಗಡ ಕೊಡುವುದು ಟಿಕೆಟ್ ಕೈಗೆ ಬಂದ ಮೇಲೆ.

ಗುಂಪು ದೊಡ್ಡದಾದಷ್ಟೂ ಬಾಲ ಉದ್ದವಾಗುತ್ತದೆ. ನಲವತ್ತು ಮಕ್ಕಳ ಸಾಲಿನಲ್ಲಿ ಮುಂದಿನವನು ಗುಡ್ಡದ ನೆತ್ತಿಗೆ ಬಂದಾಗ ಕೊನೆಯವಳು ಒಂದು ಗಂಟೆ ಹಿಂದಿರುತ್ತಾಳೆ. ಒಬ್ಬರ ಪಾದ ಉಳುಕಿದರೆ ಆ ಮಗುವನ್ನು ಹೊತ್ತು ತರಲು ನಾಲ್ವರು ಗಟ್ಟಿಗರು, ಮೂರು ನಾಲ್ಕು ಗಂಟೆ ಬೇಕು, ಉಳಿದ ಗುಂಪು ಅಲ್ಲಿಯವರೆಗೆ ಕಾಡಿನಲ್ಲಿ ನಿಂತಿರಬೇಕು. ಗುಂಪು 15ಕ್ಕಿಂತ ಹೆಚ್ಚಿದ್ದರೆ ಈ ಆಯ್ಕೆ ಬಿಡಿ. ಚಾರಣವೇ ಬೇಕೆಂದರೆ ಮೊದಲ ವರ್ಷ ಅರ್ಧ ದಿನದ ಗುಡ್ಡ, ಅಥವಾ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಕಡೆ ತರಬೇತುದಾರರ ಕೈಕೆಳಗೆ ಶಿಬಿರ.

ಮಲೆನಾಡಿನಲ್ಲಿ ಇಂಬಳಕ್ಕೆ ಹೆದರುವವರು ಹೆಚ್ಚು, ಹೆದರಬೇಕಾದ್ದು ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇದರ ಕಡಿತದಿಂದ, ಅದೂ ನವೆಂಬರಿನಿಂದ ಮೇವರೆಗೆ, ಅಂದರೆ ಸರಿಯಾಗಿ ಪ್ರವಾಸದ ಕಾಲದಲ್ಲಿ. ಹೊರಡುವ ವಾರ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಆ ಸೀಮೆಯಲ್ಲಿ ಮಂಗ ಸತ್ತಿವೆಯೇ ಎಂದು ಕೇಳಿ. ಸತ್ತಿದ್ದರೆ ಕಾಡು ಹೊಗಬೇಡಿ. ಇಲ್ಲವಾದರೂ ಉದ್ದ ತೋಳು, ಪ್ಯಾಂಟಿನ ಅಂಚು ಕಾಲುಚೀಲದೊಳಗೆ, ಕೈಕಾಲಿಗೆ ಉಣುಗು ಹತ್ತದಂತೆ ಹಚ್ಚುವ ಡೇಪಾ ಎಣ್ಣೆ, ಸಂಜೆ ಬಿಸಿನೀರ ಸ್ನಾನ. ತರಗೆಲೆಯ ಮೇಲೆ ಕೂರಬಾರದು.

ಬಸ್ಸೋ ರೈಲೋ

ಹಂಪಿಗೆ ರೈಲೇ ಮೇಲು. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ ಹೊಸಪೇಟೆ ಮುಟ್ಟಿಸುತ್ತದೆ, ಮಕ್ಕಳು ಮೈಚಾಚಿ ಮಲಗುತ್ತಾರೆ, ನಿದ್ದೆಗೆಟ್ಟ ಚಾಲಕನ ಚಿಂತೆಯಿಲ್ಲ. ಅಲ್ಲಿ ಓಡಾಡಲು ಹೊಸಪೇಟೆಯ ಕಲ್ಯಾಣ ಕರ್ನಾಟಕ ಸಾರಿಗೆ ಘಟಕದಲ್ಲೇ ಒಪ್ಪಂದದ ಬಸ್ ಕೇಳಬಹುದು. ತೊಂದರೆ ಇರುವುದು ಟಿಕೆಟಿನಲ್ಲಿ: ಮುಂಗಡ ತೆರೆಯುವುದು 60 ದಿನ ಮೊದಲು, ಒಂದು ಟಿಕೆಟಿಗೆ ಆರೇ ಜನ. ನಲವತ್ತೈದು ಜನರನ್ನು ಬಿಡಿಬಿಡಿಯಾಗಿ ಬುಕ್ ಮಾಡಿದರೆ ನಾಲ್ಕು ಬೋಗಿಗೆ ಚದುರಿ ಹೋಗುತ್ತಾರೆ. ಸಂಸ್ಥೆಯ ಪತ್ರ, ಹೆಸರು–ವಯಸ್ಸಿನ ಪಟ್ಟಿ ಹಿಡಿದು ಮುಂಗಡ ಕಚೇರಿಯ ಮೇಲ್ವಿಚಾರಕರನ್ನು ಕಂಡು ಗುಂಪು ಬುಕಿಂಗ್ ಮಾಡಿಸಬೇಕು. ಬೋಗಿಯ ಎರಡೂ ಬಾಗಿಲ ಪಕ್ಕದ ಬರ್ತ್ ದೊಡ್ಡವರಿಗೆ. ಇಳಿಯುವಾಗ ರೈಲು ನಿಲ್ಲುವುದು ಕೆಲವೇ ನಿಮಿಷ. ಅರ್ಧ ಗಂಟೆ ಮೊದಲೇ ಎಬ್ಬಿಸಿ, ಚೀಲ ಬಾಗಿಲ ಬಳಿ ಜೋಡಿಸಿ, ಮೊದಲು ಒಬ್ಬ ದೊಡ್ಡವರು ಇಳಿಯಲಿ, ಬೋಗಿ ಖಾಲಿ ಎಂದು ಖಚಿತಪಡಿಸಿಕೊಂಡು ಕೊನೆಗೆ ಇನ್ನೊಬ್ಬರು ಇಳಿಯಲಿ.

ಉಳಿದೆರಡಕ್ಕೂ ಬಸ್ಸೇ. ಸಾರಿಗೆ ಸಂಸ್ಥೆಯ ಒಪ್ಪಂದದ ಬಸ್ ಖಾಸಗಿಗಿಂತ ತುಸು ದುಬಾರಿ ಎನಿಸಿದರೂ ಕೆಟ್ಟು ನಿಂತರೆ ಹತ್ತಿರದ ಘಟಕದಿಂದ ಬದಲಿ ಬಸ್ ಕೇಳಬಹುದು. ಖಾಸಗಿಯಾದರೆ ಹಳದಿ ಬೋರ್ಡು ಕಡ್ಡಾಯ. ಬಿಳಿ ಬೋರ್ಡಿನ ವಾಹನ ಬಾಡಿಗೆಗೆ ಓಡಿದಾಗ ಅಪಘಾತವಾದರೆ ವಿಮೆಯವರು ಕೈಚೆಲ್ಲುತ್ತಾರೆ. ಎಫ್‌ಸಿ (ವಾಹನದ ಸುಸ್ಥಿತಿ ಪ್ರಮಾಣಪತ್ರ), ಪರ್ಮಿಟ್, ವಿಮೆ, ಚಾಲಕನ ಡಿಎಲ್ ನಾಲ್ಕರ ಫೋಟೊ ಮುಂಗಡ ಕೊಡುವ ಮೊದಲೇ ತರಿಸಿಕೊಳ್ಳಿ. ಹೊರಡುವ ದಿನ ಬಂದ ಬಸ್ಸಿನ ನಂಬರು ಅದೇನಾ ನೋಡಿ, ಏಕೆಂದರೆ ತೋರಿಸಿದ್ದೊಂದು ಕಳಿಸಿದ್ದೊಂದು ಆಗುವುದು ಇದ್ದದ್ದೇ. ತುರ್ತು ಬಾಗಿಲು ಮಾತಲ್ಲಿ ಬೇಡ, ನಿಮ್ಮ ಎದುರೇ ತೆರೆಸಿ ನೋಡಿ. ಬಹಳ ಸಲ ಅದಕ್ಕೆ ಅಡ್ಡಲಾಗಿ ಸೀಟು ಕೂರಿಸಿರುತ್ತಾರೆ. ಸ್ಲೀಪರ್ ಬಸ್ ಬೇಡವೇ ಬೇಡ: ನಡುವಿನ ದಾರಿ ಕಿರಿದು, ಮೇಲಿನ ಅಟ್ಟದಿಂದ ಮಗು ಕತ್ತಲಲ್ಲಿ ಇಳಿದು ಹೊರಬರುವುದು ಕಷ್ಟ.

ಕಾನೂನಿನ ಪ್ರಕಾರ ಚಾಲಕನ ಕೆಲಸ ದಿನಕ್ಕೆ ಎಂಟು ಗಂಟೆ, ಐದು ಗಂಟೆಯಾಗುವಷ್ಟರಲ್ಲಿ ಕನಿಷ್ಠ ಅರ್ಧ ಗಂಟೆ ವಿರಾಮ. ದಿನದ ಓಟ 300 ಕಿ.ಮೀ. ದಾಟಿದರೆ ಎರಡನೇ ಚಾಲಕ ಬೇಕು. ಅವರ ಬಾಟಾ, ಊಟ ಸೇರಿ ದಿನಕ್ಕೆ 2,000 ರೂಪಾಯಿ ಎಂದಿಟ್ಟುಕೊಳ್ಳಿ. ನಾಲ್ಕು ದಿನಕ್ಕೆ 8,000, ತಲಾ 200. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಚಕ್ರ ಉರುಳಬಾರದು ಎಂದು ಒಪ್ಪಂದದಲ್ಲೇ ಬರೆಸಿ. ಚಾಲಕನಿಗೆ ಮಲಗಲು ಮಂಚ ಕೊಡಿ. ಬಸ್ಸಿನ ಸೀಟಿನ ಮೇಲೆ ಸೊಳ್ಳೆ ಹೊಡೆಯುತ್ತ ಮಲಗಿದವನು ಮರುದಿನ ಮಧ್ಯಾಹ್ನದ ಊಟವಾದ ಮೇಲೆ ತೂಕಡಿಸುತ್ತಾನೆ.

ಮಲಗುವ ಜಾಗ

ಕಲ್ಯಾಣ ಮಂಟಪ ಅಗ್ಗ, ಎಲ್ಲರೂ ಒಂದೇ ಸೂರಿನಡಿ ಕಣ್ಣಿಗೆ ಬೀಳುತ್ತಾರೆ. ಆದರೆ ಅದನ್ನು ಕಟ್ಟಿರುವುದು ಮದುವೆಗೆ. ಸಾವಿರ ಜನ ಉಣ್ಣುವ ಹಾಲ್ ಇರುತ್ತದೆ, ಬಚ್ಚಲು ನಾಲ್ಕೇ. ಒಬ್ಬರಿಗೆ ಹತ್ತು ನಿಮಿಷವೆಂದರೂ ನಲವತ್ತು ಜನಕ್ಕೆ ನೂರು ನಿಮಿಷ. ಏಳಕ್ಕೆ ಹೊರಡಬೇಕಾದರೆ ಐದಕ್ಕೇ ಸಾಲು ಹಚ್ಚಬೇಕು. ನೀರಿನ ಲೆಕ್ಕ ಇನ್ನೂ ಮುಖ್ಯ: ತಲೆಗೆ 40 ಲೀಟರ್ ಹಿಡಿದರೆ 1,600 ಲೀಟರ್, ಮೇಲಿರುವ ಟ್ಯಾಂಕು ಸಾವಿರದ್ದಾದರೆ ಇಪ್ಪತ್ತಾರನೇ ಮಗುವಿಗೆ ನಲ್ಲಿ ಬರಿದು. ಆ ಹೊತ್ತಿಗೆ ಕರೆಂಟಿಲ್ಲದಿದ್ದರೆ ಮೋಟರೂ ಇಲ್ಲ. ಹಿಂದಿನ ರಾತ್ರಿಯೇ ಡ್ರಮ್ಮುಗಳಲ್ಲಿ ತುಂಬಿಸಿಡಿ. ಹುಡುಗರಿಗೆ ಹುಡುಗಿಯರಿಗೆ ಬೇರೆ ಬೇರೆ ಹಾಲ್, ಬೇರೆ ಬೇರೆ ಬಚ್ಚಲು ಇರದಿದ್ದರೆ ಮಂಟಪ ಲೆಕ್ಕಕ್ಕೇ ಬೇಡ.

ಲಾಡ್ಜಿನಲ್ಲಿ ಬಚ್ಚಲಿನ ತೊಂದರೆ ಇಲ್ಲ, ಚಿಲಕದ ತೊಂದರೆ ಇದೆ. ನಲವತ್ತು ಮಕ್ಕಳನ್ನು ಹತ್ತು ಕೋಣೆಗೆ ಹಂಚಿದರೆ ಹತ್ತು ಬಾಗಿಲು ಮುಚ್ಚುತ್ತವೆ. ಒಂದೇ ಮಹಡಿ ಪೂರ್ತಿ ನಿಮಗೇ ಸಿಕ್ಕರೆ ಮಾತ್ರ ಒಪ್ಪಿಕೊಳ್ಳಿ, ಮೆಟ್ಟಿಲಿನ ಪಕ್ಕದ ಕೋಣೆ ದೊಡ್ಡವರಿಗಿರಲಿ. ಬೇರೆ ಗಿರಾಕಿಗಳ ನಡುವೆ ಅಲ್ಲೊಂದು ಇಲ್ಲೊಂದು ಕೋಣೆ ಕೊಡುತ್ತೇವೆಂದರೆ ಬೇಡ. ಕಿಟಕಿ ಸರಳು, ಮಹಡಿಯ ಕಟಾಂಜನದ ಎತ್ತರ ನೋಡಿ. ರಾತ್ರಿ ಮೊಬೈಲು ಹಿಡಿದು ತಾರಸಿಗೆ ಹೋಗುವ ಮಕ್ಕಳಿರುವುದರಿಂದ ತಾರಸಿಯ ಬೀಗ ನಿಮ್ಮ ಕೈಯಲ್ಲಿರಲಿ.

ಹೋಮ್‌ಸ್ಟೇ 15–20 ಮಕ್ಕಳಿಗೆ ಚೆನ್ನ, ನಲವತ್ತಕ್ಕೆ ಎರಡು ಮನೆಗೆ ಹಂಚಬೇಕಾಗುತ್ತದೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಕೇಳಿ. ತೋಟದ ನಡುವಿನ ಕೆರೆ, ಈಜುಕೊಳ, ಬೇಲಿಯಿಲ್ಲದ ಬಾವಿ ಎಲ್ಲಿವೆ ಎಂದು ಹಗಲಲ್ಲೇ ನೋಡಿಟ್ಟುಕೊಳ್ಳಿ.

ಮೂರಕ್ಕೂ ಸೇರಿದ ಒಂದು ಮಾತು ಗ್ಯಾಸ್ ಗೀಸರಿನದು. ಕಿಟಕಿ ಮುಚ್ಚಿದ ಸಣ್ಣ ಬಚ್ಚಲೊಳಗೆ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಮಗು ಕುಸಿದು ಬೀಳುವವರೆಗೆ ಗೊತ್ತಾಗುವುದಿಲ್ಲ. ಗೀಸರ್ ಬಚ್ಚಲ ಒಳಗಿದ್ದರೆ ಅದನ್ನು ಹಚ್ಚಿಸಬೇಡಿ. ಹಂಡೆ ಒಲೆಯ ನೀರನ್ನು ದೊಡ್ಡವರೊಬ್ಬರು ಬಕೆಟ್ಟಿಗೆ ತೋಡಿ ಕೊಡಲಿ.

ಊಟ

ದೇವಸ್ಥಾನದ ಅನ್ನಪ್ರಸಾದ, ಹೋಟೆಲು, ಜೊತೆಗೆ ಕರೆದೊಯ್ಯುವ ಅಡುಗೆಯವರು: ಮೂರರಲ್ಲಿ ಹೊಟ್ಟೆ ಕೆಡುವುದು ಕಡಿಮೆ ಮೊದಲನೆಯದರಲ್ಲಿ. ಬಿಸಿ ಅನ್ನ, ಬಿಸಿ ಸಾರು ಆಗಷ್ಟೇ ಇಳಿಸಿದ್ದು ಬಡಿಸುತ್ತಾರೆ. ಹೋಟೆಲಿಗೆ ಹಿಂದಿನ ದಿನವೇ ತಲೆ ಎಣಿಕೆ ಹೇಳಿ, ಇಡ್ಲಿ, ಅನ್ನ–ಸಾರಿನಂಥ ಸರಳ ಊಟ ಹೇಳಿ. ತೆಂಗಿನ ಚಟ್ನಿ ಬೆಳಗಿನದು ಮಧ್ಯಾಹ್ನಕ್ಕೆ ಬೇಡ.

ಬುತ್ತಿ ಕಟ್ಟುವವರು ಮಾಡುವ ತಪ್ಪು ಒಂದೇ. ಹೊಗೆಯಾಡುವ ಚಿತ್ರಾನ್ನವನ್ನು ಪಾತ್ರೆಗೆ ಒತ್ತಿ ಮುಚ್ಚಳ ಬಿಗಿದು ಬಸ್ಸಿನ ಡಿಕ್ಕಿಗೆ ಹಾಕುತ್ತಾರೆ. ಒಳಗಿನ ಬಿಸಿ ಆರುವುದೇ ಇಲ್ಲ, ಆರೇಳು ಗಂಟೆಯಲ್ಲಿ ಅನ್ನ ಅಂಟಾಗಿ ಹಳಸುತ್ತದೆ. ಅಗಲ ಹರಿವಾಣದಲ್ಲಿ ಆರಿಸಿ ತುಂಬಬೇಕು, ನಾಲ್ಕು ಗಂಟೆಯೊಳಗೆ ಉಣ್ಣಬೇಕು. ಕಾಯಿತುರಿ, ಈರುಳ್ಳಿ ಹಾಕದ ಪುಳಿಯೋಗರೆ ಹುಣಸೆ, ಎಣ್ಣೆಯ ಬಲದಿಂದ ಹೆಚ್ಚು ಹೊತ್ತು ತಡೆಯುತ್ತದೆ.

ಅಡುಗೆಯವರು ಸಿಲಿಂಡರ್ ತರುತ್ತೇವೆಂದರೆ ಅದು ಮಕ್ಕಳ ಬಸ್ಸಿಗೆ ಹತ್ತಬಾರದು. ರೈಲಿನಲ್ಲಂತೂ ನಿಷೇಧವೇ ಇದೆ. 2023ರ ಆಗಸ್ಟಿನಲ್ಲಿ ಮಧುರೈಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತದ್ದು ಕದ್ದು ಒಯ್ದ ಸಿಲಿಂಡರಿನಿಂದ.

ಎಣಿಕೆ, ದೊಡ್ಡವರು, ಔಷಧ

ನಲವತ್ತು ಮಕ್ಕಳಿಗೆ ಐವರು ದೊಡ್ಡವರು. ನಾಲ್ವರಿಗೆ ಹತ್ತು ಹತ್ತು ಮಕ್ಕಳು, ಐದನೆಯವರಿಗೆ ಯಾವ ಗುಂಪೂ ಇಲ್ಲ. ಹಣ, ಫೋನು, ಆಸ್ಪತ್ರೆ ಅವರ ಪಾಲು. ಹುಡುಗಿಯರಿದ್ದರೆ ಇಬ್ಬರು ಮೇಡಂ ಬೇಕೇ ಬೇಕು: ಒಬ್ಬ ಹುಡುಗಿಗೆ ಜ್ವರ ಬಂದು ಒಬ್ಬ ಮೇಡಂ ರಾತ್ರಿ ಆಸ್ಪತ್ರೆಗೆ ಹೋದರೆ ಉಳಿದ ಹುಡುಗಿಯರ ಜೊತೆ ಇನ್ನೊಬ್ಬರಿರಬೇಕು. ಯಾವ ದೊಡ್ಡವರೂ, ಯಾವ ಕಾರಣಕ್ಕೂ, ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು.

“ಎಲ್ಲಾ ಬಂದ್ರಾ?” “ಬಂದ್ರು ಸಾರ್!” ಇದು ಎಣಿಕೆಯಲ್ಲ. ಪ್ರತಿ ಮಗುವಿಗೆ ಒಂದರಿಂದ ನಲವತ್ತರವರೆಗೆ ನಂಬರು ಕೊಟ್ಟು, ಬಸ್ಸಿನ ಬಾಗಿಲು ಹಾಕಿದ ಮೇಲೆ ಅವರವರೇ ಕೂಗಬೇಕು. ಹದಿನೇಳರ ಬಳಿ ಸದ್ದು ನಿಂತರೆ ಯಾರಿಲ್ಲವೆಂದು ಆ ಕ್ಷಣವೇ ತಿಳಿಯುತ್ತದೆ. ಪಕ್ಕದವನ ನಂಬರು ಕೂಗುವ ಪೋಕರಿಗಳು ಇದ್ದೇ ಇರುತ್ತಾರೆ, ಆದ್ದರಿಂದ ಒಬ್ಬರು ನಡೆದು ತಲೆಯನ್ನೂ ಎಣಿಸಬೇಕು.

ಪೆಟ್ಟಿಗೆಯಲ್ಲಿ ಒಂದು ಲೀಟರಿನ ಒಆರ್‌ಎಸ್ 20 ಪೊಟ್ಟಣ, ಡಿಜಿಟಲ್ ಥರ್ಮಾಮೀಟರ್ ಎರಡು, ಗಾಜ್, ಕ್ರೇಪ್ ಬ್ಯಾಂಡೇಜ್ ನಾಲ್ಕು, ಸ್ಯಾನಿಟರಿ ಪ್ಯಾಡ್ ನಾಲ್ಕು ಪ್ಯಾಕ್, ವಾಂತಿಗೆ ಕವರು 50. ಲೀಟರಿನ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿಯಬಾರದು, ಉಪ್ಪು ಇಮ್ಮಡಿಯಾಗಿ ತೊಂದರೆ ಹೆಚ್ಚುತ್ತದೆ. ಮೂರ್ಛೆ, ಉಬ್ಬಸ, ಔಷಧದ ಅಲರ್ಜಿ ಇದೆಯೇ ಎಂದು ಪೋಷಕರಿಂದ ಬರೆಸಿಕೊಂಡ ಹಾಳೆ ಐದನೆಯವರ ಕೈಯಲ್ಲಿ, ಅದರ ಒಂದು ಪ್ರತಿ ಬಸ್ಸಿನಲ್ಲಿ. ಉಬ್ಬಸದ ಮಗುವಿನ ಇನ್‌ಹೇಲರ್ ಡಿಕ್ಕಿಗೆ ಹೋದ ಚೀಲದಲ್ಲಿರುವುದು ತೀರಾ ಸಾಮಾನ್ಯ ತಪ್ಪು. ಅದು ಮಗುವಿನ ಜೇಬಿನಲ್ಲಿರಬೇಕು. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ, ಕಚ್ಚಿದ ಅಂಗ ಅಲುಗಿಸದೆ ತಾಲ್ಲೂಕು ಆಸ್ಪತ್ರೆಗೆ. ಆಂಬುಲೆನ್ಸಿಗೆ 108, ಪೊಲೀಸರಿಗೆ 112, ರೈಲಿನಲ್ಲಿ 139.

ಮರಳುವ ದಿನ

ಬಸ್ಸಿನಲ್ಲಿ ಹೋದವರ ಯೋಜನೆ ಸಡಿಲವಾಗುವುದು ಕೊನೆಯ ದಿನ. ದಾರಿಯಲ್ಲಿ ಇನ್ನೊಂದು ಜಲಪಾತ, ಇನ್ನೊಂದು ದೇವಸ್ಥಾನ ಸೇರಿಕೊಂಡು ಸಂಜೆ ಆರಕ್ಕೆ ತಲುಪಬೇಕಾದ ಬಸ್ಸು ನಡುರಾತ್ರಿ ಒಂದಕ್ಕೆ ಬರುತ್ತದೆ. ಕೊನೆಯ ದಿನದ ಪಟ್ಟಿಯಲ್ಲಿ ಒಂದೇ ಸ್ಥಳವಿರಲಿ, ಅದೂ ಬೆಳಗಿನ ಹತ್ತರೊಳಗೆ ಮುಗಿಯಲಿ. ತಡವಾಗಿ ರಾತ್ರಿ ಹತ್ತು ದಾಟುವಂತಿದ್ದರೆ ದಾರಿಯಲ್ಲೇ ಉಳಿಯಿರಿ. ಅದಕ್ಕೆಂದು ಒಟ್ಟು ಖರ್ಚಿನ ಹತ್ತನೇ ಒಂದು ಭಾಗ ಮುಟ್ಟದೆ ಇಟ್ಟಿರಬೇಕು, ಪೋಷಕರಿಗೆ ಎಂಟರೊಳಗೆ ತಿಳಿಸಬೇಕು. ಶಾಲೆಯ ಗೇಟಿನಲ್ಲಿ ಪ್ರತಿ ಮಗುವನ್ನು ಯಾರಿಗೆ ಒಪ್ಪಿಸಿದಿರೋ ಅವರ ಸಹಿ ಪಡೆಯಿರಿ. ಪಕ್ಕದ ಮನೆಯವರ ಜೊತೆ ಹೋಗುತ್ತೇನೆ ಎಂದರೆ ಅಪ್ಪ–ಅಮ್ಮನಿಗೆ ಒಂದು ಫೋನ್ ಮಾಡಿಯೇ ಕಳಿಸಿ, ನಲವತ್ತನೆಯ ಸಹಿ ಬೀಳುವವರೆಗೆ ಇಬ್ಬರು ದೊಡ್ಡವರು ಅಲ್ಲೇ ಇರಲಿ.